ಹಳೆಯ ಸೈಕಲ್ಲಿಗೆ ಹೊಸ ಹಲ್ಲು

ಮುಪ್ಪು ಮೊದಲು ತಲೆದೋರುವುದು ಹಲ್ಲಿನಲ್ಲಿ ಎಂದು ಹಿರಿಯರು ಹೇಳುವುದುಂಟು. ಮನುಷ್ಯನ ಮಾತು ಹಾಗಿರಲಿ. ಬಹುಕಾಲ ಓಡಿದ ಗೇರಿನ ಸೈಕಲ್ಲಿನ ವಿಷಯದಲ್ಲಿ ಇದು ಅಕ್ಷರಶಃ ಸತ್ಯ. ಏರಿನಲ್ಲಿ ಬಲವಾಗಿ ತುಳಿದೊಡನೆ ಸರಪಣಿಯು ಹಿಂದಿನ ಹಲ್ಲುಚಕ್ರದ ಮೇಲೆ ಜಾರಿ ನೆಗೆಯತೊಡಗಿದರೆ ಹಲ್ಲುಗಳು ಸವೆದಿವೆಯೆಂದೇ ಸಂದೇಹಿಸಬೇಕು. ಹೊಸ ಸರಪಣಿಯಲ್ಲಿ 24 ಕೊಂಡಿಗಳ ಉದ್ದ ಸರಿಯಾಗಿ 12 ಅಂಗುಲ. ಅದು ಅಂಗುಲದ ಹದಿನಾರನೆಯ ಒಂದು ಪಾಲು ಹಿಗ್ಗಿದರೆ ಸರಪಣಿಯನ್ನು ಬದಲಿಸಬೇಕು. ಎಂಟನೆಯ ಒಂದು ಪಾಲು ಹಿಗ್ಗುವವರೆಗೆ ಉದಾಸೀನ ಮಾಡಿದರೆ ಅದು ಹಲ್ಲುಚಕ್ರಗಳನ್ನೂ ತನ್ನೊಡನೆ ಸವೆಸಿಬಿಟ್ಟಿರುತ್ತದೆ.

ಬದಲಿಯನ್ನು ಆರಿಸುವ ಮುನ್ನ ಸೈಕಲ್ಲಿನ ಕುಲಗೋತ್ರವನ್ನು ಅರಿಯುವುದು ಅಗತ್ಯ. ಜಪಾನಿನ ಶಿಮಾನೊ ಸಂಸ್ಥೆಯು 1978ರಲ್ಲಿ ಫ್ರೀಹಬ್ಬನ್ನು ಹೊರತಂದಿತು. ಅದರಲ್ಲಿ ತಿರುಗುಯಂತ್ರವು ಹಬ್ಬಿನಲ್ಲಿಯೇ ಅಡಗಿದ್ದು, ಹಲ್ಲುಚಕ್ರಗಳ ಕ್ಯಾಸೆಟ್ ಮಾತ್ರ ಕಳಚಿ ಬರುತ್ತದೆ. ಅದಕ್ಕೆ ಹಿಂದಿನ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಹಬ್ಬಿಗೆ ತಿರುಪಿ ಕೂರಿಸುವ ಫ್ರೀವೀಲ್ ಇರುತ್ತಿತ್ತು. ಈ ತಿರುಪಿನಲ್ಲಿಯೂ ದೇಶಭೇದವುಂಟು. ಇಂಗ್ಲಿಷ್ ತಿರುಪಿಗೂ ಹಳೆಯ ಫ್ರೆಂಚ್ ತಿರುಪಿಗೂ ವ್ಯಾಸದಲ್ಲಿರುವ ಅಂತರ ಮಿಲಿಮೀಟರಿನ ಹತ್ತನೆಯ ಒಂದು ಪಾಲು ಮಾತ್ರ. ಎಳೆಗಳ ನಡುವಣ ದೂರವೂ ತುಸು ಬೇರೆ. ಕಣ್ಣಿಗೆ ಕಾಣದ ಈ ಭೇದವನ್ನು ಗಣಿಸದೆ ಬಲವಂತವಾಗಿ ತಿರುಪಿದರೆ ಹಬ್ಬೇ ಹಾಳಾಗುವುದು. ಇನ್ನು ಹಿಂದಿನ ಕವಲಿನ ಅಗಲ: ಐದು ಚಕ್ರಗಳ ಕಾಲದಲ್ಲಿ ಸಾಮಾನ್ಯವಾಗಿ 120 ಮಿಲಿಮೀಟರ್, ಆರು-ಏಳು ಚಕ್ರಗಳಿಗೆ 126, ಎಂಟಾದ ಮೇಲೆ 130. ಉಕ್ಕಿನ ಚೌಕಟ್ಟನ್ನು ಬಲ್ಲವರು ಹದವರಿತು ಅಗಲಿಸಬಹುದು. ಅಲ್ಯೂಮಿನಿಯಮ್ಮಿಗೆ ಆ ಸೈರಣೆಯಿಲ್ಲ.

ಅನಂತರ ಬರುವುದು ಹಲ್ಲುಗಳ ಲೆಕ್ಕ. ಮುಂದೆ 42, ಹಿಂದೆ 24 ಹಲ್ಲುಗಳಿದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು 3.7 ಮೀಟರ್ ಸಾಗುತ್ತದೆ. ಹಿಂದೆ 28 ಆದರೆ 3.15 ಮೀಟರ್. ದೂರ ತಗ್ಗಿದಷ್ಟೂ ಏರು ಹಗುರವಾಗುತ್ತದೆ. ಆದರೆ ಹಳೆಯ ಪಂದ್ಯದ ಡಿರೇಲರುಗಳಲ್ಲಿ ಅನೇಕವು 26 ಅಥವಾ 28 ಹಲ್ಲನ್ನು ಮೀರಿದ ಚಕ್ರವನ್ನು ಒಪ್ಪವು. ದೊಡ್ಡ ಚಕ್ರವನ್ನು ಹಾಕಿದಾಗ ಸರಪಣಿಯ ಉದ್ದವನ್ನೂ ಮರಳಿ ಅಳೆಯಬೇಕು.

ದೊಡ್ಡ ಹಲ್ಲುಚಕ್ರವನ್ನು ಬೇಡುವುದು ಮಾನಕ್ಕೆ ಕುಂದೆಂದು ಭಾವಿಸುವವರು ಇಂದಿಗೂ ಇದ್ದಾರೆ. ಈ ಅಭಿಮಾನ ಹಳೆಯದು. ಟೂರ್ ಡ ಫ್ರಾನ್ಸ್ ಪಂದ್ಯವನ್ನು 1903ರಲ್ಲಿ ಆರಂಭಿಸಿದ ಆನ್ರಿ ಡೆಗ್ರಾಂಜ್, ಗೇರು ಬದಲಿಸುವ ಯಂತ್ರವನ್ನು ದುರ್ಬಲರ ಊರುಗೋಲೆಂಬಂತೆ ಕಂಡನು. ಸೇಂತ್ ಎತಿಯೆನ್ ನಗರದ ಪಾಲ್ ದ ವೀವಿಯಾದರೋ, 'ವೆಲೋಸಿಯೊ' ಎಂಬ ಹೆಸರಿನಲ್ಲಿ ಬರೆಯುತ್ತ, ಬೆಟ್ಟಗಳನ್ನು ಸ್ವತಃ ಏರುತ್ತ, ಹಲವು ಗೇರುಗಳ ಪರವಾಗಿ ಜೀವಮಾನವೆಲ್ಲ ವಾದಿಸಿದನು. ಆತ 1930ರಲ್ಲಿ ತೀರಿಕೊಂಡನು. ಪಂದ್ಯದಲ್ಲಿ ಡಿರೇಲರಿಗೆ ಸಾರ್ವತ್ರಿಕ ಅನುಮತಿ ದೊರೆತದ್ದು 1937ರಲ್ಲಿ. ಆ ಜಯವನ್ನು ಕಾಣುವ ಭಾಗ್ಯ ಆತನಿಗಿರಲಿಲ್ಲ.

ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬುದು ನಮ್ಮ ಗಾದೆ. ಬಾಳಿನ ಬಹುಪಾಲು ವ್ಯವಹಾರಗಳಲ್ಲಿ ಅದಕ್ಕೆ ತಲೆಬಾಗದೆ ವಿಧಿಯಿಲ್ಲ. ಇಲ್ಲಿ ಮಾತ್ರ ಕಾಲಿನ ಅಳತೆಗೆ ತಕ್ಕಂತೆ ಹಾಸಿಗೆಯನ್ನು ಹೊಲಿಸಿಕೊಳ್ಳುವ ಸ್ವಾತಂತ್ರ್ಯ ನಮಗುಂಟು. ಇಪ್ಪತ್ತರ ಹರೆಯದಲ್ಲಿ 24 ಹಲ್ಲಿನಲ್ಲಿ ಏರಿದ ಬೆಟ್ಟವನ್ನು ಐವತ್ತರಲ್ಲಿ 28ರಲ್ಲಿ ಏರಿದರೆ, ಬೆಟ್ಟವೇನೂ ಕುಗ್ಗುವುದಿಲ್ಲ. ತುದಿಯಲ್ಲಿ ಬೀಸುವ ಗಾಳಿಯೂ ಬೇರೆಯಾಗುವುದಿಲ್ಲ.