ಕಾಣದ ಹೊರೆ, ಕಾಣುವ ಸುಸ್ತು

"ಏನಯ್ಯಾ, ಏನು ಕಡಿದು ಕಟ್ಟೆ ಹಾಕಿದೀಯ ಅಂತ ಇಷ್ಟು ಸುಸ್ತು?"

ಈ ಮಾತು ಆಡದ ಮನೆಯಿಲ್ಲ, ಕೇಳದ ಅಂಗಡಿಯಿಲ್ಲ. ದಿನವಿಡೀ ಕುರ್ಚಿಯಲ್ಲಿ ಕೂತು ಲೆಕ್ಕ ಬರೆದವನು ಸಂಜೆ ಮನೆಗೆ ಬಂದವನೇ ಬಾಗಿಲು ಹಾಕಿಕೊಂಡು ಕತ್ತಲಲ್ಲಿ ಬಿದ್ದುಕೊಂಡರೆ ಮನೆಮಂದಿ ಇನ್ನೇನು ಕೇಳಿಯಾರು? ಮೂಟೆ ಹೊತ್ತಿಲ್ಲ, ಗುದ್ದಲಿ ಹಿಡಿದಿಲ್ಲ. ಆದರೂ ಕೈಕಾಲಲ್ಲಿ ತ್ರಾಣವಿಲ್ಲ. ಒಂದು ಮಾತಾಡಲೂ ಬೇಡ. ಭಾನುವಾರವೆಲ್ಲ ಮಲಗಿದರೂ ಸೋಮವಾರ ಅದೇ ಆಯಾಸ. ಸೋಮಾರಿ ಅಂದುಬಿಡೋಣವೆ? ಸ್ವಲ್ಪ ತಾಳಿ ಸ್ವಾಮಿ.

ಸುಸ್ತಿಗೆ ಕಾರಣ ನೂರೆಂಟು. ರಕ್ತ ಕಡಿಮೆ ಇರಬಹುದು, ಥೈರಾಯಿಡ್ ಇರಬಹುದು, ಸಕ್ಕರೆ ಕಾಯಿಲೆ ಇರಬಹುದು. ಮೊದಲು ಡಾಕ್ಟರರ ಹತ್ತಿರ ಅದನ್ನು ಪರೀಕ್ಷೆ ಮಾಡಿಸಲೇಬೇಕು. ಆದರೆ ಇವೆಲ್ಲ ಸರಿಯಿದ್ದೂ ಸುಸ್ತು ಬಿಡದ ಕೆಲವರು ನಮ್ಮ ನಡುವೆಯೇ ಇದ್ದಾರೆ. ಆಟಿಸಂ ಇರುವ ದೊಡ್ಡವರು ಅವರಲ್ಲಿ ಒಂದು ಗುಂಪು.

ಮಕ್ಕಳದ್ದು ಮಾತ್ರವಲ್ಲ

ಆಟಿಸಂ ಅಂದರೆ ಮಕ್ಕಳ ಕಾಯಿಲೆ ಎಂದು ತಿಳಿದವರೇ ಹೆಚ್ಚು. ಅದು ಅಂಟುವ ರೋಗವಲ್ಲ, ಬರೀ ಮಕ್ಕಳದ್ದೂ ಅಲ್ಲ. ಸುತ್ತಲಿನ ಲೋಕವನ್ನು ಮಿದುಳು ಬೇರೆ ರೀತಿಯಲ್ಲಿ ಗ್ರಹಿಸುವ, ಹುಟ್ಟಿನಿಂದಲೇ ಬರುವ ಸ್ಥಿತಿ. ಸರಕಾರಿ ಕಾಗದದಲ್ಲಿ ಇದಕ್ಕೆ ಸ್ವಲೀನತೆ ಎಂದು ಹೆಸರು. 1943ರಲ್ಲಿ ಅಮೆರಿಕದ ವೈದ್ಯ ಲಿಯೊ ಕ್ಯಾನರ್ ಇಂಥ 11 ಮಕ್ಕಳ ಬಗ್ಗೆ ಬರೆದರು. ಆ ಮಕ್ಕಳು ಮಕ್ಕಳಾಗಿಯೇ ಉಳಿದರೆ? ಅವರೂ ಬೆಳೆದರು. ಆಟಿಸಂ ಎಂಬುದು ವರ್ಷ ತುಂಬಿದ ಮೇಲೆ ಬಿಗಿಯಾಯಿತೆಂದು ತೆಗೆದಿಡುವ ಅಂಗಿಯಲ್ಲ. ಮಗುವನ್ನು ತೋರಿಸಲು ಹೋಗಿ, ತಮಗೂ ಅದೇ ಇದೆ ಎಂದು ನಡುವಯಸ್ಸಿನಲ್ಲಿ ತಿಳಿದುಕೊಂಡವರೂ ಇದ್ದಾರೆ.

ಸುಸ್ತು ಎಲ್ಲಿಂದ?

ನಮ್ಮ ಬಸ್ ಸ್ಟ್ಯಾಂಡನ್ನೇ ನೋಡಿ. ಹಾರನ್, ಕಂಡಕ್ಟರ ಸೀಟಿ, ಕಡಲೆಕಾಯಿ ಮಾರುವವನ ಕೂಗು, ಡೀಸೆಲ್ ವಾಸನೆ, ಪಕ್ಕದವನ ಮೊಬೈಲಿನ ಹಾಡು, ಬೆನ್ನಿಗೆ ತಿವಿಯುವ ಚೀಲ. ನಾವು ಇದರ ಮಧ್ಯೆಯೇ ನಿಂತು ಪೇಪರ್ ಓದುತ್ತೇವೆ. ಬೇಡದ್ದನ್ನೆಲ್ಲ ನಮ್ಮ ಮಿದುಳು ಜರಡಿ ಹಿಡಿದು ಬಿಡುತ್ತದೆ. ಆಟಿಸಂ ಇರುವ ಹಲವರಿಗೆ ಈ ಜರಡಿಯ ಕಣ್ಣು ದೊಡ್ಡದು. ಎಲ್ಲವೂ ಒಟ್ಟಿಗೆ, ಒಂದೇ ಜೋರಿನಲ್ಲಿ ಒಳಗೆ ನುಗ್ಗುತ್ತದೆ. ಕಚೇರಿ ಮುಟ್ಟುವ ಹೊತ್ತಿಗೇ ಅರ್ಧ ದಿನದ ಶಕ್ತಿ ಖರ್ಚು!

ಎರಡನೆಯದು ವೇಷ. ಎದುರಿನವರ ಕಣ್ಣಲ್ಲಿ ಕಣ್ಣಿಡಬೇಕು, ನಗುವ ಕಡೆ ನಗಬೇಕು, "ಊಟ ಆಯ್ತಾ" ಅಂದರೆ ತಕ್ಕ ಉತ್ತರ ಕೊಡಬೇಕು. ನಮಗೆ ತಾನಾಗಿ ಬರುವ ಇದನ್ನು ಅವರಲ್ಲಿ ಬಹಳ ಮಂದಿ ಪ್ರತಿಸಲವೂ ಯೋಚಿಸಿ ಮಾಡುತ್ತಾರೆ. ರಾತ್ರಿಯೆಲ್ಲ ಕುಣಿದ ಯಕ್ಷಗಾನದ ವೇಷಧಾರಿ ಬೆಳಿಗ್ಗೆ ಬಣ್ಣ ತೊಳೆದು ಮಲಗುತ್ತಾನೆ. ಇವರಿಗೆ ಬೆಳಗಾದರೆ ಮತ್ತೆ ಬಣ್ಣ.

2020ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಡೋರಾ ರೇಮೇಕರ್ ಮತ್ತು ಸಂಗಡಿಗರು ಈ ಸುಸ್ತಿನ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಅದರ ಪ್ರಕಾರ ಲಕ್ಷಣ ಮೂರು: ಸಾಮಾನ್ಯವಾಗಿ 3 ತಿಂಗಳು ಅಥವಾ ಹೆಚ್ಚು ಕಾಲ ಬಿಡದ ದಣಿವು, ನಿನ್ನೆಯವರೆಗೆ ಮಾಡುತ್ತಿದ್ದ ಕೆಲಸ ಕೈಲಾಗದಿರುವುದು, ಸದ್ದು ಬೆಳಕು ತಡೆಯಲು ಇನ್ನಷ್ಟು ಕಷ್ಟವಾಗುವುದು. ಇದಕ್ಕೆ ಕಾರಣ, ಮೈಮೇಲೆ ಬಿದ್ದ ಹೊರೆ ಹೆಚ್ಚು, ಸಿಗುವ ಆಸರೆ ಕಡಿಮೆ.

ಹಾಸಿಗೆ ಇದ್ದಷ್ಟು

ಉಪಾಯವಿಲ್ಲವೆ? ಇದೆ. ವ್ಯಾಪಾರಿಗಳಿಗೆ ಬೇಗ ಅರ್ಥವಾಗುವ ಉಪಾಯ: ಜಮಾ-ಖರ್ಚು. ಶನಿವಾರ ಮದುವೆಗೆ ಹೋದರೆ ಭಾನುವಾರ ಯಾವ ಕಾರ್ಯಕ್ರಮವೂ ಬೇಡ. ಕೆಲಸದಿಂದ ಬಂದ ಮೇಲೆ ಅರ್ಧ ಗಂಟೆ ಒಬ್ಬರೇ, ಮಂದ ಬೆಳಕಿನಲ್ಲಿ ಸುಮ್ಮನೆ ಕೂರುವುದು. ಕಿವಿಗೆ ಹತ್ತಿ. ಸಾಧ್ಯವಿದ್ದರೆ ಗದ್ದಲವಿಲ್ಲದ ಮುಂಚಿನ ಬಸ್ಸು. ಹಸಿವು ಬಾಯಾರಿಕೆ ಗೊತ್ತಾಗದೆ ಹೋಗುವವರೂ ಇದ್ದಾರೆ. ಅಂಥವರು ಗಡಿಯಾರ ನೋಡಿಯೇ ಊಟ ಮಾಡುವುದು ಒಳ್ಳೆಯದು. ನೆಲಕ್ಕೆ ಬಿದ್ದ ಮೇಲೆ ಮಲಗುವುದಕ್ಕಿಂತ ಬೀಳುವ ಮೊದಲೇ ಕೂರುವುದು ಲಾಭ.

"ಮನೇಲಿ ಕೂತ್ರೆ ಹಿಂಗೇ ಆಗೋದು, ನಾಲ್ಕು ಜನರ ಜತೆ ಬೆರಿ" ಎಂಬ ಉಪದೇಶ ಎಲ್ಲರಿಗೂ ಒಗ್ಗದು. ಜನರ ನಡುವೆ ಬಳಲಿದವನನ್ನು ಮತ್ತೆ ಜನರ ನಡುವೆ ನೂಕಿದರೆ ಸುಸ್ತು ಇಮ್ಮಡಿ. ಜತೆಗೆ ಖಿನ್ನತೆಯೂ ಇದ್ದರೆ ಮನೋವೈದ್ಯರನ್ನು ಕಾಣುವುದೇ ಸರಿ. ಬದುಕೇ ಬೇಡ ಎಂಬ ಮಾತು ಬಾಯಿಂದ ಬಂದರೆ ತಡ ಮಾಡಬೇಡಿ. 2022ರಲ್ಲಿ ಶುರುವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416.

ಅಂಗಡಿಯವರು ಮಾಡಬಹುದಾದ್ದು

ನಿಮ್ಮ ಗುಮಾಸ್ತ ಇಂಥವನಿದ್ದರೆ ಸಾಮಾನಿನ ಪಟ್ಟಿ ಬಾಯಲ್ಲಿ ಹೇಳುವ ಬದಲು ಚೀಟಿಯಲ್ಲಿ ಬರೆದುಕೊಡಿ. ನಾಳೆ ಬೇಗ ಬರಬೇಕಾದರೆ ಇವತ್ತೇ ತಿಳಿಸಿ. ಮುಖ ನೋಡಿ ಮಾತಾಡಲಿಲ್ಲವೆಂದು ಕಳ್ಳನ ಲೆಕ್ಕಕ್ಕೆ ಸೇರಿಸಬೇಡಿ. ದುಡ್ಡು ಬಂತು ಬಂತು ಎಂದು ಕೂಗುವ ಆ ಪೆಟ್ಟಿಗೆಯ ಸದ್ದು ಸ್ವಲ್ಪ ತಗ್ಗಿಸಿ. ಬಂದ ದುಡ್ಡೇನೂ ವಾಪಸು ಹೋಗುವುದಿಲ್ಲ!

ಕಾನೂನೂ ಈಗ ಇದೆ. 1995ರ ಅಂಗವಿಕಲರ ಕಾಯಿದೆಯ 7 ಬಗೆಗಳಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯಿದೆಯ 21 ಬಗೆಗಳಲ್ಲಿ ಸೇರಿದೆ. ಇಂಥ ನೌಕರರಿಗೆ ತಕ್ಕ ಅನುಕೂಲ ಮಾಡಿಕೊಡುವುದು ಸರಕಾರಿ ಕಚೇರಿಗಳ ಕರ್ತವ್ಯವೆಂದು ಅದು ಹೇಳುತ್ತದೆ. ಆದರೆ ಕೈಕಾಲು ನೆಟ್ಟಗಿರುವವನು ಅನುಕೂಲ ಕೇಳಿದರೆ "ಇವನಿಗೇನು ಧಾಡಿ" ಎನ್ನುವವರ ಬಾಯಿಗೆ ಯಾವ ಕಾಯಿದೆ ಬೀಗ ಹಾಕೀತು?

ಬೀಗ ಹಾಕುವುದು ಊರಿನ ಕೈಲಿದೆ. ಕ್ಯಾನರ್ ಬರೆದ 11 ಮಕ್ಕಳಲ್ಲಿ ಮೊದಲನೆಯವರು ಡೊನಾಲ್ಡ್ ಟ್ರಿಪ್ಲೆಟ್, ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನವರು. ಪರಿಚಯದವರಿಗೆಲ್ಲ ಒಂದೊಂದು ನಂಬರು ಇಡುವ ವಿಚಿತ್ರ ಅಭ್ಯಾಸ ಅವರದು. ಊರು ನಕ್ಕು ಸುಮ್ಮನಾಯಿತು, ಅವರನ್ನು ಅವರ ಪಾಡಿಗೆ ಇರಲು ಬಿಟ್ಟಿತು. ಅಲ್ಲಿನ ಬ್ಯಾಂಕಿನಲ್ಲಿ ಆರು ದಶಕಕ್ಕೂ ಮೀರಿ ದುಡಿದು, ಕಾರು ಓಡಿಸಿ, ಗಾಲ್ಫ್ ಆಡಿ, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡರು. ಬ್ಯಾಂಕು ತಾಯಿಯ ಮನೆಯವರದು, ಆ ಅನುಕೂಲ ಎಲ್ಲರಿಗಿಲ್ಲ, ನಿಜ. ಆದರೆ ಊರಿನವರ ತಾಳ್ಮೆಗೆ ಬಂಡವಾಳ ಬೇಕೇನು?

ನಾಳೆ ಬಸ್ಸಿನಲ್ಲಿ ಪಕ್ಕದ ಸೀಟಿನವರು ಕಿವಿ ಮುಚ್ಚಿ, ಕಿಟಕಿಯಾಚೆ ನೋಡುತ್ತ, ನಿಮ್ಮ ಮಾತಿಗೆ ಹೂಂ ಎನ್ನದಿದ್ದರೆ ಜಂಬ ಅನ್ನಬೇಡಿ. ಅವರಷ್ಟಕ್ಕೆ ಬಿಡಿ. ಇದಕ್ಕೆ ಬಜೆಟ್ಟೂ ಬೇಡ, ಟೆಂಡರೂ ಬೇಡ.