ಮನೆಗೆ ಮತ್ತೊಂದು ಕೂಸು ಬರುವ ಮುನ್ನ

ಎರಡನೆಯ ಹೆರಿಗೆ ಸಮೀಪಿಸಿದಾಗ ಮನೆಯವರ ಗಮನವೆಲ್ಲ ಗರ್ಭಿಣಿಯತ್ತ ಹರಿಯುವುದು ಸಹಜ. ಆಗ ನಾವು ಮರೆಯುವುದು ಅಂಗಳದಲ್ಲಿ ಆಡುತ್ತಿರುವ ಮೊದಲ ಮಗುವನ್ನು. 1930ರ ದಶಕದಲ್ಲಿ ಇಂದಿನ ಘಾನಾ ದೇಶದಲ್ಲಿ ಸೇವೆ ಸಲ್ಲಿಸುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್ ಅವರು, ಎದೆಹಾಲು ಬಿಟ್ಟು ಮೆಕ್ಕೆಜೋಳದ ಗಂಜಿಯಲ್ಲಿಯೇ ಬೆಳೆಯುತ್ತಿದ್ದ ಮಕ್ಕಳು ಸೊರಗಿ, ಕಾಲು ಬಾತುಕೊಳ್ಳುವುದನ್ನು ಕಂಡರು. ಅಲ್ಲಿಯ ಜನರು ಅದನ್ನು ‘ಕ್ವಾಶಿಯೋರ್ಕರ್’ ಎನ್ನುತ್ತಿದ್ದರು. ಕಿರಿಯದು ಬಂದಾಗ ಹಿರಿಯದಕ್ಕೆ ತಗಲುವ ಕಾಯಿಲೆ ಎಂದು ಅದರ ಅರ್ಥ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಮ್ಮ ಮನೆಗಳಲ್ಲಿಯೂ ಕುಚ್ಚಲಕ್ಕಿ ಗಂಜಿಯೊಂದೇ ಮಗುವಿಗೆ ಸಾಲದು. ರಾಗಿ ಮಣ್ಣಿ, ಹೆಸರುಬೇಳೆ, ಹಾಲು, ಮೊಸರು, ಸೊಪ್ಪು, ಬಾಳೆಹಣ್ಣುಗಳನ್ನು ದಿನಕ್ಕೆ ನಾಲ್ಕೈದು ಬಾರಿ ಸ್ವಲ್ಪಸ್ವಲ್ಪವಾಗಿ ಉಣಿಸಬೇಕು. ಅಂಗನವಾಡಿಯಲ್ಲಿ ಪ್ರತಿ ತಿಂಗಳು ತೂಕ ನೋಡಿಸಬೇಕು.

ಒಂದೂವರೆ ವರ್ಷಕ್ಕೆ ಮಗು ಆಸರೆಯಿಲ್ಲದೆ ನಡೆದು, ಕೆಲವು ಪದಗಳನ್ನು ಆಡುತ್ತದೆ. ಎರಡು ವರ್ಷಕ್ಕೆ ಓಡುತ್ತದೆ, ‘ಅಮ್ಮ ಬಾ’ ಎಂದು ಎರಡು ಪದಗಳನ್ನು ಜೋಡಿಸುತ್ತದೆ. ಇವು ಕಾಣದಿದ್ದರೆ, ತೂಕ ಏರದಿದ್ದರೆ, ಹೆರಿಗೆ ಮುಗಿಯಲೆಂದು ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. 16ರಿಂದ 24 ತಿಂಗಳೊಳಗಿನ ಲಸಿಕೆಗಳು ತಪ್ಪದಂತೆ, ತವರಿಗೆ ಹೊರಡುವಾಗ ಮೊದಲ ಮಗುವಿನ ತಾಯಿ ಕಾರ್ಡನ್ನೂ ಒಯ್ಯಬೇಕು.

ಕೂಸು ಬಂದ ಮೇಲೆ ಹಿರಿಯ ಮಗು ಮತ್ತೆ ಹಾಸಿಗೆ ಒದ್ದೆ ಮಾಡಬಹುದು, ಎದೆಹಾಲು ಕೇಳಬಹುದು. ಗದರಬಾರದು, ಅದು ಹಠವಲ್ಲ, ತನ್ನ ಸ್ಥಾನದ ಹುಡುಕಾಟ. ಆದರೆ ಬಂದಿದ್ದ ಮಾತೇ ನಿಂತುಹೋದರೆ ವೈದ್ಯರನ್ನು ಕಾಣಬೇಕು. ತಾಯಿ ಬಾಣಂತನದಲ್ಲಿರುವಾಗ ತಂದೆಯಾಗಲಿ ಅಜ್ಜಿಯಾಗಲಿ ಹಿರಿಯ ಮಗುವಿನ ಊಟ, ನಿದ್ರೆಗಳ ಹೊಣೆಯನ್ನು ಹೊತ್ತರೆ ಎರಡು ಮಕ್ಕಳೂ ಚೆನ್ನಾಗಿ ಬೆಳೆಯುತ್ತವೆ.