ಅಳತೆಯೇ ಮೊದಲ ಹತ್ಯಾರು

ಆಲಂಕಾರಿನಂಥ ಅಡಿಕೆ ತೋಟಗಳ ಊರಿನಲ್ಲಿ ಲೇತ್ ಕೆಲಸ ಹೆಚ್ಚಾಗಿ ಬೇಕಾಗುವುದು ಹೊಸತನ್ನು ಮಾಡಲಿಕ್ಕಲ್ಲ, ಸವೆದದ್ದನ್ನು ಸರಿಪಡಿಸಲಿಕ್ಕೆ. ಚಾಲಿ ಸುಲಿಯುವ ಯಂತ್ರದ ಶಾಫ್ಟ್, ಬೋರ್ಡೋ ಮದ್ದು ಬಿಡುವ ಪಂಪಿನ ಬುಶ್, ತೋಟಕ್ಕೆ ನೀರೆತ್ತುವ ಮೋಟಾರಿನಲ್ಲಿ ಬೇರಿಂಗ್ ಕೂರುವ ಜಾಗ, ಇವೆಲ್ಲ ಸವೆಯುವುದು ಮಿಲಿಮೀಟರಿನ ಸಣ್ಣ ಪಾಲಿನಷ್ಟು. ಯಂತ್ರ ಕೈಕೊಡಲು ಅಷ್ಟು ಸಾಕು. ಈ ವಿದ್ಯೆಯನ್ನು ಕಬ್ಬಿಣ ಕತ್ತರಿಸುವ ಕೆಲಸವೆಂದು ತಿಳಿದವರೇ ಹೆಚ್ಚು. ಆದರೆ ಇಲ್ಲಿ ಕತ್ತರಿಸುವುದು ಸುಲಭದ ಪಾಲು. ಕೆಲಸ ಕೆಡುವುದೂ ಉಳಿಯುವುದೂ ಅಳತೆಯಲ್ಲಿ.

ಮೊದಲು ಕತ್ತರಿಸುವುದನ್ನೇ ನೋಡೋಣ. ಲೇತ್‌ನಲ್ಲಿ ತಿರುಗುವುದು ಕೆಲಸದ ತುಂಡು. ಅದನ್ನು ಚಕ್ ಬಿಗಿಯಾಗಿ ಹಿಡಿದಿರುತ್ತದೆ, ಅದಕ್ಕಿಂತ ಗಟ್ಟಿಯಾದ ಟೂಲ್ ಮೆಲ್ಲನೆ ಸರಿಯುತ್ತ ಸುರುಳಿ ತೆಗೆಯುತ್ತದೆ. ಟೂಲನ್ನು ಕೈಯಲ್ಲಿ ಹಿಡಿಯುವ ಬದಲು ಜಾರುವ ಗಟ್ಟಿ ಪೀಠಕ್ಕೆ ಬಿಗಿದು, ಅದನ್ನು ತಿರುಪಿನಿಂದ ನಡೆಸುವ ಲೇತನ್ನು 1800ರ ಸುಮಾರಿಗೆ ಲಂಡನ್ನಿನ ಹೆನ್ರಿ ಮಾಡ್‌ಸ್ಲೇ ರೂಪಿಸಿದ. ಅಲ್ಲಿಂದ ಮುಂದೆ ನಿಖರತೆ ಕೈಯ ಬಲದಿಂದ ತಿರುಪಿನ ಲೆಕ್ಕಕ್ಕೆ ದಾಟಿತು. ವೇಗಕ್ಕೂ ಲೆಕ್ಕವುಂಟು. ಹೈಸ್ಪೀಡ್ ಸ್ಟೀಲ್ ಟೂಲಿನಿಂದ ಮೆದು ಉಕ್ಕನ್ನು ನಿಮಿಷಕ್ಕೆ 30 ಮೀಟರ್ ವೇಗದಲ್ಲಿ ಕೊರೆಯಬೇಕೆಂದರೆ, 30 ಮಿ.ಮೀ. ವ್ಯಾಸದ ಶಾಫ್ಟ್ ನಿಮಿಷಕ್ಕೆ ಸುಮಾರು 320 ಸುತ್ತು ತಿರುಗಬೇಕು. ಅದಕ್ಕಿಂತ ತೀರಾ ಹೆಚ್ಚಾದರೆ ಟೂಲ್ ಕಾದು ಮೊಂಡಾಗುತ್ತದೆ. ಹೊಸಬರು ಎಡವುವುದು ಇನ್ನೊಂದೆಡೆ: ಟೂಲ್ ಅರ್ಧ ಮಿ.ಮೀ. ಒಳಗೆ ಹೋದರೆ ವ್ಯಾಸ ಒಂದು ಮಿ.ಮೀ. ಕಡಿಮೆಯಾಗುತ್ತದೆ, ಸುತ್ತಲೂ ಲೋಹ ಹೋಗುವುದರಿಂದ. ಉಳಿದ ಕೆಲಸಗಳೂ ಇದೇ ಜಾತಿಯವು. ಡ್ರಿಲ್ ಹಾಕಿದ ತೂತು ತುಸು ಓರೆಯಾಗಬಹುದು, ಆದ್ದರಿಂದ ಬುಶ್‌ಗೆ ಬೇಕಾದ ನೇರ ತೂತನ್ನು ಬೋರಿಂಗ್ ಟೂಲಿನಿಂದ ಸರಿಮಾಡುತ್ತಾರೆ. ಪುಲ್ಲಿ ಜಾರದಂತೆ ಕೀ ಕೂರಿಸುವ ಕಾಲುವೆಗೆ ಮಿಲ್ಲಿಂಗ್ ಅಥವಾ ಶೇಪರ್ ಬೇಕು.

ಇನ್ನು ಅಳತೆ. 6205 ಎಂಬುದು ಎಲ್ಲೆಡೆ ಸಿಗುವ ಬೇರಿಂಗ್. ಅದರ ಒಳವ್ಯಾಸ 25 ಮಿ.ಮೀ., ಅಗಲ 15 ಮಿ.ಮೀ. ಅದು ಶಾಫ್ಟಿನ ಮೇಲೆ ಬಿಗಿಯಾಗಿ ಕೂರಬೇಕಾದರೆ, ಸಾಮಾನ್ಯವಾಗಿ ಬಳಸುವ ಒಂದು ಮಿತಿಯಂತೆ, ಶಾಫ್ಟ್ 25.002ರಿಂದ 25.015 ಮಿ.ಮೀ. ಒಳಗಿರಬೇಕು. ಅಂದರೆ ತಪ್ಪಿಗೆ ಇರುವ ಜಾಗ ಬರೀ 0.013 ಮಿ.ಮೀ. ವರ್ಕ್‌ಶಾಪುಗಳಲ್ಲಿ ಕಾಣುವ ವರ್ನಿಯರ್ ಓದುವುದು 0.02 ಮಿ.ಮೀ. ತನಕ, ಆ ಜಾಗಕ್ಕಿಂತಲೂ ದಪ್ಪವಾಗಿ! 0.01 ಓದುವ ಮೈಕ್ರೊಮೀಟರ್ ಕೂಡ ಇಲ್ಲಿ ಇಕ್ಕಟ್ಟಿನಲ್ಲೇ ಇದೆ; 0.001 ಓದುವಂಥದ್ದಿದ್ದರೆ ಒಳ್ಳೆಯದು. ಕೊರೆದು ಬಿಸಿಯಾದ ಶಾಫ್ಟನ್ನು ಆಗಲೇ ಅಳೆದರೆ ಆ ಅಳತೆಯೂ ಸುಳ್ಳು: 25 ಮಿ.ಮೀ. ಉಕ್ಕು 30 ಡಿಗ್ರಿ ಹೆಚ್ಚು ಕಾದರೆ ಸುಮಾರು 0.009 ಮಿ.ಮೀ. ಹಿಗ್ಗುತ್ತದೆ. ಬಿಸಿಯಲ್ಲಿ ಸರಿಯೆನಿಸಿದ್ದು ತಣಿದ ಮೇಲೆ ಸಡಿಲಾಗುವುದಕ್ಕೆ ಇದೇ ಕಾರಣ.

ಹಳೆಯ ಲೇತ್‌ನಲ್ಲಿ ಇಷ್ಟು ನಿಖರತೆ ಎಲ್ಲಿ ಬರಬೇಕು ಎಂಬುದು ನ್ಯಾಯವಾದ ಆಕ್ಷೇಪ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ ತಯಾರಿಸಿದಂಥ ಒಳ್ಳೆಯ ಲೇತ್‌ಗಳ ಪೀಠ ಜಾರುವ ಬೆಡ್ ಕೂಡ ದಶಕಗಳ ದುಡಿಮೆಯಲ್ಲಿ ಸವೆಯುತ್ತದೆ. ಆಗ ಉದ್ದ ಶಾಫ್ಟಿನ ಒಂದು ತುದಿ ದಪ್ಪ, ಇನ್ನೊಂದು ತೆಳು ಆದೀತು. ಆದರೆ ಬೇರಿಂಗ್ ಕೂರುವುದು 15 ಮಿ.ಮೀ. ಜಾಗದಲ್ಲಿ, ಅಷ್ಟರೊಳಗೆ ಬರುವ ವ್ಯತ್ಯಾಸ ಚಿಕ್ಕದು. ಎರಡೂ ತುದಿ ಅಳೆದು, ಕೊನೆಗೆ ಎಮರಿ ಕಾಗದದಿಂದ ತಿದ್ದಬಹುದು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತ್ ಇರುವಾಗ ಇದೆಲ್ಲ ಏಕೆಂದು ಕೇಳುವವರೂ ಇದ್ದಾರೆ. ಒಂದೇ ತರದ ಐನೂರು ಭಾಗ ಬೇಕಾದರೆ ಅದಕ್ಕೆ ಸಾಟಿಯಿಲ್ಲ. ಸವೆದ ಒಂದೇ ಶಾಫ್ಟಿಗೆ ಮಾತ್ರ ಪ್ರೋಗ್ರಾಂ ಬರೆದು ಹೊಂದಿಸುವಷ್ಟರಲ್ಲಿ ಕೈಲೇತ್ ಕೆಲಸ ಮುಗಿಸಿರುತ್ತದೆ. ಅಲ್ಲದೆ ಸಿಎನ್‌ಸಿಗೂ ಯಾರೋ ಅಳೆದ ಅಂಕಿಯನ್ನೇ ಕೊಡಬೇಕು.

ಹೊಸ ಭಾಗವನ್ನೇ ಕೊಳ್ಳುವುದು ಲೇಸೆಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಬೇರಿಂಗನ್ನು ರಿಪೇರಿ ಮಾಡಲು ಹೊರಡುವುದು ಹಟ. ಬಿರುಕು ಬಿಟ್ಟ ಶಾಫ್ಟಿಗೆ ವೆಲ್ಡಿಂಗ್ ಹಾಕಿ ಮತ್ತೆ ಓಡಿಸುವುದು ಅಪಾಯ. ಅದಕ್ಕೆ ಇಎನ್8 ಎಂಬ ಉಕ್ಕಿನ ಸರಳಿನಿಂದ ಹೊಸದನ್ನೇ ತಿರುಗಿಸಬೇಕು. ಆದರೆ ಹೊಸ ಬೇರಿಂಗ್ ತಂದು ಸವೆದ ಜಾಗಕ್ಕೇ ಕೂರಿಸಿದರೆ ಅದರ ಒಳರಿಂಗ್ ಶಾಫ್ಟಿನ ಮೇಲೆ ಜಾರಿ ಸುತ್ತತೊಡಗುತ್ತದೆ, ಕೊಂಡ ದುಡ್ಡೂ ದಂಡ. ಆದ್ದರಿಂದ ವರ್ಕ್‌ಶಾಪಿಗೆ ಶಾಫ್ಟ್ ಒಯ್ಯುವಾಗ ಅದರ ಮೇಲೆ ಕೂರುವ ಹೊಸ ಬೇರಿಂಗನ್ನೂ ಒಯ್ಯಿರಿ, ತಣಿದ ಮೇಲೆ ಮೈಕ್ರೊಮೀಟರಿನಲ್ಲಿ ಅಳೆದು ತೋರಿಸಲು ಕೇಳಿ.